ಕಡಲಕಟ್ಟೆ: ತುಫಾನು ದಾಟಿದ ಮೇಲೆ ಬಂದ ಗಾಳಿ

ಈ ತಿಂಗಳ ಟಪಾಲಿನಲ್ಲಿ ಅರ್ಧಕ್ಕರ್ಧ ತುಫಾನಿನದೇ ಮಾತು. ಮೇ ಬಂತೆಂದರೆ ಹೀಗೇ. ದೋಣಿ ಕಟ್ಟುವ ಧಕ್ಕೆಯಲ್ಲಿ ಬಲೆ ಹೊಲಿಯುತ್ತ ಕೂತವರಿಗೆ ಹಳೆಯ ಲೆಕ್ಕಗಳು ನೆನಪಾಗುತ್ತವೆ. ಈ ಅಂಕಣವನ್ನು ಹೊಸದಾಗಿ ಓದುವವರಿಗೆ ಒಂದು ಮಾತು: ನಾನು ವಿಜ್ಞಾನಿ ಅಲ್ಲ. ಅಂಕೋಲಾ ತಾಲೂಕಿನ ಕಡಲಂಚಿನ ಊರಿನವನು, ಮೀನುಗಾರರ ಮನೆಯವನು. ಸಣ್ಣ ಬಂದರೊಂದರ ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು. ಕಂಬಕ್ಕೆ ಬಿರುಗಾಳಿಯ ಸಂಕೇತ ಏರಿಸುವುದು, ಇಳಿಸುವುದು ನನ್ನ ಕೆಲಸಗಳಲ್ಲಿ ಒಂದಾಗಿತ್ತು.

ಪ್ರಶ್ನೆ: 2021ರ ತೌಕ್ತೆ ತುಫಾನು ಗುಜರಾತಿಗೆ ಹೋಗಿ ಹೊಡೆಯಿತು ಎಂದು ಟಿ.ವಿ.ಯವರು ಹೇಳಿದರು. ನಮ್ಮ ಮನೆಯ ಕಡಲ ಕಡೆಯ ಗೋಡೆ ಬಿದ್ದದ್ದು ಅದು ನಮ್ಮನ್ನು ದಾಟಿದ ಮೇಲೆ. ಅಷ್ಟು ಹೊತ್ತಿಗೆ ಗಾಳಿಯೂ ಇಳಿದಿತ್ತು. ಜೋರು ಗಾಳಿಗೆ ಬೀಳದ ಗೋಡೆ ಆಮೇಲೆ ಯಾಕೆ ಬಿತ್ತು? ಇದನ್ನೇ ಕಚೇರಿಯೊಂದರಲ್ಲಿ ಹೇಳಿದರೆ, ತುಫಾನು ಹೋದ ಮೇಲೆ ಬಿದ್ದದ್ದು ತುಫಾನಿನ ಲೆಕ್ಕಕ್ಕೆ ಹೇಗೆ ಬರುತ್ತದೆ ಎಂದು ಕೇಳಿದರು.
(ಒಣಮೀನು ಮಾರುವ ಓದುಗರು, ಭಟ್ಕಳ ತಾಲೂಕು)

ಉತ್ತರ: ಅಕ್ಕಾ, ನಿಮ್ಮ ಪತ್ರ ಓದಿದ ಕೂಡಲೇ ನನ್ನ ಭಾವನ ದೋಣಿ ನೆನಪಾಯಿತು. ಆ ಕತೆ ಆಮೇಲೆ. ಮೊದಲು ನಿಮ್ಮ ಗೋಡೆ.

ಅಂಗಳದಲ್ಲಿ ಬಡಗಿಗೆ ಮುಖಮಾಡಿ ಕೂತು ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಅದು ನಮ್ಮ ದಡ. ಗೆರೆಯ ಎಡಕ್ಕೆ ಕಡಲು, ಬಲಕ್ಕೆ ನೆಲ. ಕಡಲ ಕಡೆ ಒಂದು ತೆಂಗಿನ ಗರಟೆ ಕವುಚಿ ಹಾಕಿ. ಭೂಮಿಯ ಈ ಅರ್ಧದಲ್ಲಿ ತುಫಾನಿನ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಗರಟೆಯನ್ನು ಹಾಗೇ ಸುತ್ತಿಸುತ್ತ ತೆಂಕಿನಿಂದ ಬಡಗಿಗೆ ಮೆಲ್ಲಗೆ ಜರುಗಿಸಿ. ಅದು ನಿಮ್ಮ ಊರಿಗಿಂತ ಕೆಳಗಿರುವಾಗ ನಿಮ್ಮ ಮೇಲೆ ಬೀಸುವುದು ಮೂಡಗಾಳಿ, ನೆಲದಿಂದ ಕಡಲಿಗೆ. ಊರಿನ ಎದುರಿಗೆ ಬಂದಾಗ ತೆಂಕಣ ಗಾಳಿ, ದಡದ ಉದ್ದಕ್ಕೆ. ಮೇಲಕ್ಕೆ ದಾಟಿತೋ, ಗಾಳಿ ನೈಋತ್ಯಕ್ಕೆ ತಿರುಗಿ ಕಡಲಿಂದ ನೇರ ನಿಮ್ಮ ಹಿತ್ತಿಲಿಗೆ ಬರುತ್ತದೆ. ವೇಗ ಇಳಿದಿರಬಹುದು. ಆದರೆ ಅಷ್ಟು ಹೊತ್ತೂ ದಡದಿಂದ ಆಚೆಗೆ ನೂಕುತ್ತಿದ್ದ ಗಾಳಿ ಈಗ ನೀರನ್ನು ಈಚೆಗೆ ನೂಕುತ್ತಿರುತ್ತದೆ. ಅದಕ್ಕೂ ಮೊದಲೇ ಹೊರಟ ದೊಡ್ಡ ಅಲೆಗಳು ದಡದ ಮರಳನ್ನು ಕೊರೆದು ಹೋಗಿರುತ್ತವೆ. ನಿಮ್ಮ ಗೋಡೆಯನ್ನು ಗಾಳಿ ಬೀಳಿಸಲಿಲ್ಲ. ಬುಡದ ಮರಳು ಹೋಯಿತು, ಗೋಡೆ ಕೂತುಕೊಂಡಿತು.

ತುಫಾನಿನ ನಡುವೆ ಹವೆಯ ಒತ್ತಡ ಒಂದು ಮಿಲಿಬಾರ್ ಇಳಿದರೆ ಸಮುದ್ರ ಸುಮಾರು ಒಂದು ಸೆಂಟಿಮೀಟರ್ ಏಳುತ್ತದೆ ಎಂದು ನಮಗೆ ಕಲಿಸಿದ್ದರು. ಅದು ಲೆಕ್ಕಕ್ಕೆ ಸಣ್ಣದು. ದಡದ ಕಡೆ ತಿರುಗಿದ ಗಾಳಿ, ಅದರ ಜತೆ ಭರತದ ಹೊತ್ತು, ಇವೆರಡೂ ಕೂಡಿದಾಗಲೇ ಕಷ್ಟ. 2019ರಲ್ಲಿ ಕ್ಯಾರ್ ತುಫಾನು ಎದ್ದಾಗ ದೀಪಾವಳಿ ಅಮಾವಾಸ್ಯೆ. ಅದು ನಮ್ಮಿಂದ ಎಷ್ಟೋ ದೂರ, ಒಮಾನಿನ ಕಡೆ ಮುಖಮಾಡಿತ್ತು. ಆದರೂ ಅಮಾವಾಸ್ಯೆಯ ಭರತಕ್ಕೆ ಅದರ ಅಲೆ ಸೇರಿ ನಮ್ಮೂರಿನ ಬಲೆ ಚಪ್ಪರದ ಕೆಳಗೆ ನೀರು ಬಂದಿತ್ತು.

ಈಗ ಭಾವನ ದೋಣಿ. 2021ರ ಮೇ 15, ಶನಿವಾರ. ಅಕ್ಷಯ ತೃತೀಯ ಕಳೆದ ಮರುದಿನ. ಕೊರೊನಾ ಲಾಕ್‌ಡೌನು, ಊರೆಲ್ಲ ಬಾಗಿಲು ಹಾಕಿತ್ತು. ದಿನಾ ಮಧ್ಯಾಹ್ನ ಏಳುವ ಕಡಲಗಾಳಿ ಅಂದು ಏಳಲಿಲ್ಲ. ಸಂಜೆಯಾದರೂ ಗಾಳಿ ಮೂಡಣದಿಂದಲೇ. ಅಲೆ ದೊಡ್ಡದಿತ್ತು, ಆದರೆ ನೆಲದ ಗಾಳಿ ಅದರ ತಲೆಯನ್ನು ಹಿಂದಕ್ಕೆ ಬಾಚಿದಂತೆ ಕಾಣುತ್ತಿತ್ತು. ಭಾವ ಬಂದು, ಪಾತಿ ದೋಣಿಯನ್ನು ರಸ್ತೆಯವರೆಗೆ ಎಳೆಯೋಣವೇ, ಎಂಟು ಜನ ಬೇಕು, ಲಾಕ್‌ಡೌನಿನಲ್ಲಿ ಯಾರನ್ನು ಕರೆಯಲಿ ಎಂದು ಕೇಳಿದ. ಮೂವತ್ತೊಂದು ವರ್ಷ ಸಂಕೇತ ಏರಿಸಿದ ಮಹಾಶಯ ನಾನು ಹೇಳಿದೆ: ‘ಗಾಳಿ ನೆಲದ್ದು ಮಾರಾಯ, ನೀರು ಮೇಲೆ ಬರುವುದಿಲ್ಲ, ಗಾಳಿಮರದ ಬುಡದಲ್ಲಿ ಕಟ್ಟು, ಸಾಕು.’ ಇಂಜಿನ್ನು ಮಾತ್ರ ಬಿಚ್ಚಿ ಮನೆಗೆ ತಂದ. ಆ ಬುದ್ಧಿ ಅವನದು, ನನ್ನದಲ್ಲ.

ನಡುರಾತ್ರಿ ದಾಟಿದ ಮೇಲೆ ಹೆಂಚು ಬೇರೆ ರೀತಿ ಸದ್ದು ಮಾಡತೊಡಗಿತು. ಗಾಳಿ ತೆಂಕಣಕ್ಕೆ ತಿರುಗಿತ್ತು. ಬೆಳಗಿನ ಜಾವ ನೈಋತ್ಯ. ಅಷ್ಟರಲ್ಲಿ ತೌಕ್ತೆ ಗೋವಾದ ಎದುರಿಗೆ ಹೋಗಿತ್ತು. ರೇಡಿಯೋ ಅದು ಉತ್ತರಕ್ಕೆ ಸಾಗುತ್ತಿದೆ ಎಂದು ಹೇಳುತ್ತಿರುವಾಗಲೇ ಅಲೆ ಗಾಳಿಮರದ ತೋಪಿನೊಳಗೆ ನುಗ್ಗಿತು. ದೋಣಿ ಮರಕ್ಕೆ ಬಡಿದು ಬಡಿದು ಒಂದು ಪಕ್ಕ ಸೀಳಿತು. ಎರಡು ಕಟ್ಟು ಬಲೆ ಹೋಯಿತು. ಮಳೆಗಾಲಕ್ಕೆಂದು ಅಕ್ಕ ಒಣಗಿಸಿಟ್ಟ ಬಂಗಡೆ, ಶೆಟ್ಲಿಯ ಚೀಲಗಳು ನೆನೆದು ಎರಡೇ ದಿನದಲ್ಲಿ ನಾತ ಹೊಡೆದವು. ಭಾವ ಜಗಳ ಆಡಲಿಲ್ಲ. ಆದರೆ ಅಂದಿನಿಂದ ಇಂದಿನವರೆಗೂ ನನ್ನನ್ನು ‘ಸಿಗ್ನಲ್ ಮಾಸ್ತರೇ’ ಎಂದು ಬಹುವಚನದಲ್ಲೇ ಕರೆಯುತ್ತಾನೆ.

ಹಡಗಿನವರಿಗೆ ಮೊದಲ ಪಾಠದಲ್ಲೇ ಹೇಳಿಕೊಡುವ ಸೂತ್ರವೊಂದಿದೆ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ತುಫಾನಿನ ನಡು ನಿಮ್ಮ ಎಡಗೈ ಕಡೆ ಇರುತ್ತದೆ. ಮೂಡಗಾಳಿಗೆ ಬೆನ್ನು ಕೊಟ್ಟರೆ ಎಡಗೈ ತೆಂಕಿಗೆ: ಇನ್ನೂ ಬರಬೇಕಾದದ್ದು. ಪಡುಗಾಳಿಗೆ ಬೆನ್ನು ಕೊಟ್ಟರೆ ಎಡಗೈ ಬಡಗಿಗೆ: ದಾಟಿದೆ. ನಮ್ಮ ದಡದಲ್ಲಿ ಎರಡನೆಯದಕ್ಕೇ ಹೆದರಬೇಕು. ಅರಬ್ಬಿ ಸಮುದ್ರದ ತುಫಾನುಗಳು ಹೆಚ್ಚಾಗಿ ಲಕ್ಷದ್ವೀಪದ ಆಸುಪಾಸು ಹುಟ್ಟಿ ಗುಜರಾತಿಗೋ ಒಮಾನಿಗೋ ಹೋಗುತ್ತವೆ. 2009ರ ಫಯಾನ್ ಮಹಾರಾಷ್ಟ್ರಕ್ಕೆ ಹೋಯಿತು. ನೇರವಾಗಿ ನಮ್ಮ ಎದೆಗೆ ಬಡಿಯುವುದು ತೀರಾ ಅಪರೂಪ. ಅದಕ್ಕೇ ‘ನಮಗೆ ಬರಲಿಲ್ಲವಲ್ಲ’ ಎಂದು ಚಾ ಕುಡಿಯಲು ಕೂರುತ್ತೇವೆ.

ಕಚೇರಿಯ ಮಾತಿಗೆ: ಇನ್ನು ಮುಂದೆ ಏನಾದರೂ ಆದರೆ (ಆಗದಿರಲಿ) ಕಲ್ಲು ಮಣ್ಣು ತೆಗೆಯುವ ಮೊದಲೇ ಫೋಟೋ ತೆಗೆಸಿ, ಪಕ್ಕದ ಮನೆಯವರು ಕಾಣುವಂತೆ. ಪಂಚನಾಮೆಯಲ್ಲಿ ‘ಗೋಡೆ ಬಿದ್ದಿದೆ’ ಎಂದಷ್ಟೇ ಬರೆಸಬೇಡಿ. ‘ಚಂಡಮಾರುತದಿಂದ ಎದ್ದ ಅಲೆ ಬುಡದ ಮರಳು ಕೊಚ್ಚಿದ್ದರಿಂದ’ ಎಂದು ದಿನ, ಹೊತ್ತು ಸಮೇತ ಬರೆಸಿ. ಸುಳ್ಳು ಹೇಳಿದಂತಲ್ಲ. ಗರಟೆ ತೋರಿಸಿ ಬೇಕಾದರೆ.

ಪ್ರಶ್ನೆ: ಬಂದರಿನಲ್ಲಿ ‘ಮೂರನೇ ನಂಬರಿನ ಸಿಗ್ನಲ್’ ಎಂದು ಪೇಪರಿನಲ್ಲಿ ಬರುತ್ತದೆ. ನನ್ನ ಮೊಬೈಲಿನಲ್ಲಿ ಗಾಳಿಯ ನಕ್ಷೆ ಬಣ್ಣಬಣ್ಣವಾಗಿ ಕಾಣುವಾಗ ಈ ಕಂಬ, ನಂಬರು ಎಲ್ಲ ಇನ್ನೂ ಬೇಕೇ?
(ಪದವಿ ವಿದ್ಯಾರ್ಥಿ, ಹೊನ್ನಾವರ)

ಉತ್ತರ: ನನ್ನ ಹೊಟ್ಟೆಪಾಡಿನ ಬುಡಕ್ಕೇ ಕೈ ಹಾಕಿದೆಯಲ್ಲ ತಮ್ಮಾ!

ಒಟ್ಟು ಹನ್ನೊಂದು ಸಂಕೇತಗಳಿವೆ. 1 ಮತ್ತು 2 ದೂರದ ಕಡಲಿಗೆ ಸಂಬಂಧಿಸಿದ್ದು. 3 ಎಂದರೆ ಈ ಬಂದರಿಗೇ ಬಿರುಸು ಗಾಳಿಯ ಬೆದರಿಕೆ. 4 ಎಂದರೆ ತುಫಾನಿನ ಬೆದರಿಕೆಯೇ ಇದೆ, ಆದರೆ ಎಲ್ಲ ಬಿಟ್ಟು ಓಡುವಷ್ಟು ಇನ್ನೂ ಅಲ್ಲ. 5ರಿಂದ 7 ಅಪಾಯ, 8ರಿಂದ 10 ಮಹಾ ಅಪಾಯ. ಮೀನುಗಾರಿಕೆಯ ಸಣ್ಣ ಬಂದರುಗಳಿಗೆ ಇಷ್ಟೆಲ್ಲ ಬೇಡವೆಂದು ಐದನ್ನೇ ಇಟ್ಟುಕೊಂಡ ಚುಟುಕು ಪದ್ಧತಿಯೂ ಇದೆ: 3, 4, 7, 10, 11. ಹಗಲಲ್ಲಿ ಕಪ್ಪು ಬಳಿದ ಶಂಕು, ಡ್ರಮ್ಮಿನ ಆಕಾರಗಳು. ರಾತ್ರಿ ಕೆಂಪು, ಬಿಳಿ ದೀಪ. ನಮ್ಮ ಉಗ್ರಾಣದಲ್ಲಿದ್ದ ಒಂದು ಶಂಕುವಿನೊಳಗೆ ಕಣಜ ಗೂಡು ಕಟ್ಟಿತ್ತು. ತಂತಿ ಬಂದ ದಿನ ಅದನ್ನು ಏರಿಸಲು ಹೋಗಿ ನಾನು ಮುಖ ಊದಿಸಿಕೊಂಡು ಮನೆಗೆ ಬಂದೆ. ಆ ಸಲ ತುಫಾನಿನಿಂದ ನಮ್ಮೂರಲ್ಲಿ ಗಾಯಗೊಂಡವನು ನಾನೊಬ್ಬನೇ.

ಹನ್ನೊಂದನೆಯದು ನನಗೆ ಇಷ್ಟ. ಅದರ ಅರ್ಥ: ಹವಾಮಾನ ಕೇಂದ್ರದ ಸಂಪರ್ಕ ಕಡಿದಿದೆ, ಕೆಟ್ಟ ಹವೆ ಬರುವಂತಿದೆ ಎಂಬುದು ಇಲ್ಲಿನ ಅಧಿಕಾರಿಯ ಅಂದಾಜು. ಮೊಬೈಲಿನ ನಕ್ಷೆಯಲ್ಲಿ ಈ ಬಣ್ಣ ಇಲ್ಲ ನೋಡು. ಟವರು ಸತ್ತ ಮೇಲೂ ನಿನ್ನ ಫೋನು ಹಳೆಯ ಚಿತ್ರವನ್ನೇ ತೋರಿಸುತ್ತಿರುತ್ತದೆ.

ನಕ್ಷೆ ನೋಡಬೇಡ ಎನ್ನುವುದಿಲ್ಲ. ಆದರೆ ವಾಟ್ಸಾಪಿನಲ್ಲಿ ಬರುವ, ಕೆಂಪು ಬಾಣ ಹೊನ್ನಾವರದ ಮೇಲೆ ನಿಂತ ನಕ್ಷೆಗಳಲ್ಲಿ ಹೆಚ್ಚಿನವು ಎಲ್ಲಿಯದೋ ಯಾವಾಗಿನದೋ. ಹವಾಮಾನ ಇಲಾಖೆ 72 ಗಂಟೆ ಮುಂಚೆ ನಿಗಾ, 48 ಗಂಟೆ ಮುಂಚೆ ಮುನ್ಸೂಚನೆ, 24 ಗಂಟೆ ಮುಂಚೆ ಎಚ್ಚರಿಕೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತದೆ. 2017ರ ಓಖಿಯ ಮರುವರ್ಷ ತಿರುವನಂತಪುರದಲ್ಲಿ ಚಂಡಮಾರುತ ಎಚ್ಚರಿಕೆ ಕೇಂದ್ರ ಶುರುವಾಯಿತು. ನಮ್ಮ ಕರಾವಳಿಯೂ ಅದರ ಪಾಲಿಗೆ ಬರುತ್ತದೆ. ಅಲೆಯ ವಿಷಯಕ್ಕೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಇದೆ. ಅಲ್ಲಿಂದ ಬಂದದ್ದನ್ನು ಓದು, ಓದಿದ್ದನ್ನು ಧಕ್ಕೆಯಲ್ಲಿ ನಾಲ್ಕು ಜನಕ್ಕೆ ಹೇಳು. ಕಂಬ ಮಾಡುತ್ತಿದ್ದ ಕೆಲಸವೇ ಅದು.

ಪ್ರಶ್ನೆ: ತುಫಾನುಗಳಿಗೆ ಹೆಸರು ಇಡುವವರು ಯಾರು? ಕನ್ನಡದ ಹೆಸರು ಇಡಬಹುದೇ?
(9ನೇ ತರಗತಿ, ಕುಮಟಾ)

ಉತ್ತರ: ಹಿಂದೂ ಮಹಾಸಾಗರದ ಉತ್ತರ ಭಾಗದ ಸುತ್ತಲಿನ 13 ದೇಶಗಳು ಹೆಸರು ಕೊಟ್ಟಿವೆ. 2020ರ ಪಟ್ಟಿಯಲ್ಲಿ ದೇಶಕ್ಕೆ 13ರಂತೆ ಒಟ್ಟು 169. ಗಾಳಿಯ ವೇಗ ಗಂಟೆಗೆ 63 ಕಿಲೋಮೀಟರ್ ಮುಟ್ಟಿದ ಮೇಲೆ ದೆಹಲಿಯ ಹವಾಮಾನ ಇಲಾಖೆ ಸರದಿಯಲ್ಲಿರುವ ಹೆಸರನ್ನು ಇಡುತ್ತದೆ. ತೌಕ್ತೆ ಮ್ಯಾನ್ಮಾರ್ ಕೊಟ್ಟದ್ದು, ಹಲ್ಲಿ ಎಂದು ಅರ್ಥ. ಓಖಿ ಬಾಂಗ್ಲಾದೇಶದ್ದು, ಕಣ್ಣು. 2023ರ ಬಿಪರ್‌ಜಾಯ್ ಕೂಡ ಅವರದೇ, ವಿಪತ್ತು ಎಂದು. ಹಲ್ಲಿಯ ಹೆಸರಿನದು ಏನು ಮಾಡಿತು ಎಂದು ಮೇಲೆ ಓದಿದೆಯಲ್ಲ, ಹೆಸರು ನೋಡಿ ಹೆದರುವುದು ಬಿಡುವುದು ಬೇಡ. ಭಾರತದ ಪಟ್ಟಿಯಲ್ಲಿ ನೀರ್, ವೇಗ, ಜಲಧಿ, ಪ್ರಭಂಜನ್ ಇವೆ. ನಿನ್ನ ಕನ್ನಡ ಮೇಷ್ಟ್ರನ್ನು ಕೇಳು, ಇವು ನಮ್ಮವೂ ಹೌದು ಎನ್ನುತ್ತಾರೆ.

ಪ್ರಶ್ನೆ: ದೀಪಾವಳಿಯ ಆಚೀಚೆ ಕೊನೆ (ಅಡಿಕೆ ಗೊನೆ) ಕೊಯ್ಲು ಶುರುಮಾಡಿ ಅಡಿಕೆ ಅಂಗಳಕ್ಕೆ ಹಾಕಿದೆವೋ, ‘ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ’ ಎಂದು ಸುದ್ದಿ. ಮೂರು ದಿನ ಮೋಡ, ಬೇಯಿಸಿದ ಅಡಿಕೆಗೆ ಬೂಸಲು. ಕಡಲಿನ ಗಲಾಟೆ ಘಟ್ಟದ ಮೇಲಿನ ನಮಗೇಕೆ?
(ಅಡಿಕೆ ಬೆಳೆಗಾರರು, ಶಿರಸಿ)

ಉತ್ತರ: ನಿಮ್ಮ ತೋಟ ಕಡಲಿಂದ ದೂರ ಎಂದು ನಿಮಗೆ ಅನಿಸುವುದು ದೇವಿಮನೆ ಘಟ್ಟದ ತಿರುವುಗಳಿಂದ. ನೇರ ಗೆರೆ ಎಳೆದರೆ ಐವತ್ತು ಕಿಲೋಮೀಟರಿನ ಆಸುಪಾಸು. ತುಫಾನಿನ ಮೋಡದ ಪಟ್ಟಿಗಳು ನಡುವಿನಿಂದ ನೂರಾರು ಕಿಲೋಮೀಟರ್ ಚಾಚಿರುತ್ತವೆ. ಒದ್ದೆ ಗಾಳಿ ನಿಮ್ಮ ಆರುನೂರು ಮೀಟರ್ ಎತ್ತರಕ್ಕೆ ಹತ್ತುವಾಗ ತಣಿದು ಹೊರೆ ಇಳಿಸುತ್ತದೆ. ಕಡಲಲ್ಲಿ ನಮಗೆ ಗಾಳಿ, ಘಟ್ಟದಲ್ಲಿ ನಿಮಗೆ ಮಳೆ. ಪಾಲು ಸರಿಯಾಗಿಯೇ ಆಗಿದೆ.

ಈ ಕಡಲಿಗೆ ತುಫಾನಿನ ಕಾಲ ಎರಡು: ಮುಂಗಾರಿಗೆ ಮೊದಲು ಮೇ, ಜೂನ್, ಅದು ಹೋದ ಮೇಲೆ ಅಕ್ಟೋಬರಿನಿಂದ ಡಿಸೆಂಬರ್. ನಡುಮಳೆಗಾಲದಲ್ಲಿ ಮೇಲಿನ ಗಾಳಿ ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಬೀಸಿ ಸುಳಿಯ ಕುತ್ತಿಗೆ ಮುರಿಯುತ್ತವೆ. ಹಿಂದೆ ಬಂಗಾಳಕೊಲ್ಲಿಯಲ್ಲಿ ನಾಲ್ಕೆದ್ದರೆ ಇಲ್ಲಿ ಒಂದು ಎನ್ನುತ್ತಿದ್ದರು. 2019 ಒಂದೇ ವರ್ಷ ಅರಬ್ಬಿ ಸಮುದ್ರದಲ್ಲಿ ಐದು ಎದ್ದವು. ಅಷ್ಟು ಎದ್ದದ್ದು ಅದಕ್ಕೂ ಮೊದಲು 1902ರಲ್ಲಿ. ಕಡಲು ಬಿಸಿಯಾಗುತ್ತಿದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ತುಫಾನಿಗೆ ಬೇಕಾದ್ದು 26, 27 ಡಿಗ್ರಿ. ಮೇ ತಿಂಗಳಲ್ಲಿ ನಮ್ಮ ನೀರು ಅದನ್ನು ದಾಟಿ ಎಷ್ಟೋ ಮೇಲಿರುತ್ತದೆ.

ಇನ್ನೊಂದು. ಅರಬ್ಬಿ ಸಮುದ್ರದ ಸುದ್ದಿಯನ್ನೇ ಕಾಯಬೇಡಿ. 2024ರಲ್ಲಿ ಫೆಂಗಲ್ ಪುದುಚೇರಿಯ ಹತ್ತಿರ ನೆಲ ಹತ್ತಿ, ಸೊರಗಿ, ಡಿಸೆಂಬರ್ ಮೊದಲ ವಾರ ನಮ್ಮ ಕಡಲಿಗೇ ಬಂದು ಇಳಿಯಿತು. ಮದ್ರಾಸಿನ ಕಡೆ ತುಫಾನು ಎಂದು ಕೇಳಿದ ದಿನವೇ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನಿಗೆ ಎರಡು ದಿನ ಬಿಟ್ಟು ಬಾ ಎಂದು ಹೇಳುವುದು ಲೇಸು. ಅವನು ಸಿಗುವುದೇ ಕಷ್ಟ ಎನ್ನುತ್ತೀರಿ, ಗೊತ್ತು. ಅದಕ್ಕೆ ಹವಾಮಾನ ಇಲಾಖೆಯಲ್ಲೂ ಔಷಧ ಇಲ್ಲ.

ಪ್ರಶ್ನೆ: ಅಘನಾಶಿನಿಯ ದಂಡೆಯ ನಮ್ಮ ಗಜನಿ ಗದ್ದೆಗೆ (ಭರತದ ಉಪ್ಪುನೀರು ಮುಟ್ಟುವ ತಗ್ಗು ಗದ್ದೆ) ಬಂಡು ಒಡೆದು ಉಪ್ಪುನೀರು ನುಗ್ಗಿದೆ, ಬಾವಿಗೂ. ಈ ವರ್ಷ ಕಗ್ಗ ಬಿತ್ತಬಹುದೇ?
(ರೈತರು, ಕುಮಟಾ ತಾಲೂಕು)

ಉತ್ತರ: ಮೇ ತಿಂಗಳಲ್ಲಿ ನುಗ್ಗಿದ್ದಾದರೆ ತಲೆಮೇಲೆ ಕೈಹೊತ್ತು ಕೂರಬೇಡಿ. ಗಜನಿಗೆ ಉಪ್ಪು ಹೊಸತಲ್ಲ, ಕಗ್ಗ ಉಪ್ಪು ತಡೆಯುವ ಭತ್ತ. ಮುಂದೆ ಜೂನ್, ಜುಲೈ ಮಳೆ ಇದೆ. ಇಳಿತದ ಹೊತ್ತಿಗೆ ಬಾಗಿಲು ತೆಗೆದು ಮಳೆನೀರಿನಲ್ಲಿ ಎರಡು ಮೂರು ಸಲ ಗದ್ದೆ ತೊಳೆಯಿರಿ. ಬಂಡು ಮೊದಲು ಕಟ್ಟಿ. ಅಕ್ಟೋಬರಿನ ತುಫಾನಿನಲ್ಲಿ ನುಗ್ಗಿದರೆ ಕತೆ ಬೇರೆ, ತೊಳೆಯಲು ಮಳೆ ಇರುವುದಿಲ್ಲ.

ಬಾವಿಯನ್ನು ಪಂಪು ಹಚ್ಚಿ ಒಂದೇ ಸಲಕ್ಕೆ ತಳ ಕಾಣಿಸಬೇಡಿ. ಕಡಲ ಹತ್ತಿರದ ಬಾವಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಪೂರಾ ಎಳೆದರೆ ಅಡಿಯ ಉಪ್ಪು ಮೇಲೆ ಬರುತ್ತದೆ. ದಿನಾ ಸ್ವಲ್ಪ ಸ್ವಲ್ಪ ಎತ್ತಿ ಚೆಲ್ಲಿ. ನಾಲ್ಕು ದೊಡ್ಡ ಮಳೆ ಆಗಲಿ, ಬ್ಲೀಚಿಂಗ್ ಪುಡಿ ಹಾಕಿಸಿ, ಆಮೇಲೆ ಕುಡಿಯಲು. ಅಲ್ಲಿಯವರೆಗೆ ಹೊರಗಿನ ನೀರೇ.

ಪ್ರಶ್ನೆ: ನಮ್ಮ ಊರಿಗೆ ಕಡಲ್ಕೊರೆತ ತಡೆಯುವ ಕಲ್ಲಿನ ಗೋಡೆ ಕೇಳಿ ಅರ್ಜಿ ಕೊಟ್ಟಿದ್ದೇವೆ. ಸಿಗದಿದ್ದರೆ ಏನು ಮಾಡುವುದು?
(ಓದುಗರು, ಕಾರವಾರ ತಾಲೂಕು)

ಉತ್ತರ: ಸಿಕ್ಕರೆ ಏನು ಮಾಡುವುದು ಎಂದೂ ಯೋಚಿಸಿ. ಗೋಡೆ ಹಾಕಿದಲ್ಲಿ ಮನೆ ಉಳಿಯಬಹುದು, ಆದರೆ ಗೋಡೆಗೆ ಬಡಿದ ಅಲೆ ಅದರ ಕಾಲಡಿಯ ಮರಳು ಒಯ್ಯುತ್ತದೆ, ಗೋಡೆ ಮುಗಿಯುವಲ್ಲಿ ಪಕ್ಕದ ಊರನ್ನು ಕೊರೆಯುತ್ತದೆ. ದೋಣಿ ಎಳೆಯಲು, ರಾಂಪಣಿ ಬಲೆ ಜಗ್ಗಲು ಜಾಗವೂ ಇರುವುದಿಲ್ಲ. ಮನೆ ಇಂದೋ ನಾಳೆಯೋ ಎನ್ನುವಂತಿದ್ದರೆ ಬೇರೆ ದಾರಿ ಇಲ್ಲ, ಕೇಳಿ. ಅಷ್ಟಿಲ್ಲದಿದ್ದರೆ ಮರಳದಿಬ್ಬ ಬಿಡಿ, ಅದರ ಬಳ್ಳಿ ಕೀಳಬೇಡಿ, ಅಳಿವೆಯಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ ಕಡಿಯಬೇಡಿ. ಗಾಳಿಮರವನ್ನು ನಾನು ದೊಡ್ಡ ಕಾವಲುಗಾರ ಎನ್ನಲಾರೆ. ತೌಕ್ತೆಯ ದಿನ ಭಾವನ ದೋಣಿಯನ್ನು ಸೀಳಿದ್ದೂ ಅದೇ, ದೋಣಿ ಕಡಲಿಗೆ ಹೋಗದಂತೆ ಹಿಡಿದದ್ದೂ ಅದೇ.

ಪ್ರಶ್ನೆ: ನನ್ನ ಗಂಡ ಮಲ್ಪೆಯ ಆಳಸಮುದ್ರ ಬೋಟಿನಲ್ಲಿ ಖಲಾಸಿ. ಹೋದರೆ ಎಂಟು, ಹತ್ತು ದಿನ. ತುಫಾನಿನ ಸುದ್ದಿ ನಮಗೆ ಟಿ.ವಿ.ಯಲ್ಲಿ ಬರುತ್ತದೆ, ಅವರಿಗೆ ತಲುಪಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಫೋನು ಹತ್ತುವುದಿಲ್ಲ. ಹೊರಟ ದಿನ ಅಂಗಳ ಗುಡಿಸಬಾರದು ಎಂದು ಅತ್ತೆ ಹೇಳುತ್ತಾರೆ, ಅಷ್ಟೇ ನಾನು ಮಾಡುತ್ತಿರುವುದು.
(ಹೆಸರು ಬೇಡ, ಅಂಕೋಲಾ)

ಉತ್ತರ: ತಂಗೀ, ಓಖಿಯಲ್ಲೂ ಫಯಾನಿನಲ್ಲೂ ಹೆಚ್ಚು ಪೆಟ್ಟು ತಿಂದವರು ನಿನ್ನ ಗಂಡನಂಥವರೇ. ಎಚ್ಚರಿಕೆ ದಡಕ್ಕೆ ಬಂದಾಗ ಅವರು ಆಗಲೇ ಹೊರಗಿದ್ದರು.

ಫೋನಿನ ಸಿಗ್ನಲ್ಲು ದಡದಿಂದ ಸ್ವಲ್ಪ ದೂರಕ್ಕೆ ಮುಗಿಯುತ್ತದೆ. ಅದರಾಚೆಗೆ ಬೋಟಿನ ವಿ.ಎಚ್.ಎಫ್. ವೈರ್‌ಲೆಸ್, ಅದರಲ್ಲಿ 16ನೇ ಚಾನಲ್. ಒಂದು ಬೋಟಿಗೆ ಕೇಳಿದ್ದು ಪಕ್ಕದ ಬೋಟಿಗೆ, ಅಲ್ಲಿಂದ ಮುಂದಕ್ಕೆ. ಉಪಗ್ರಹದ ಮೂಲಕ ಎಚ್ಚರಿಕೆ ಬರುವ ಯಂತ್ರಗಳೂ ಈಗ ಬಂದಿವೆ. ಅಪಾಯದಲ್ಲಿ ಒತ್ತುವ ‘ಡ್ಯಾಟ್’ ಎಂಬ ಪೆಟ್ಟಿಗೆ ಇದೆ. ಹೊಸ ಮಾದರಿಯದಾದರೆ ಸಂದೇಶ ಮುಟ್ಟಿತು ಎಂಬ ಉತ್ತರವೂ ಬೋಟಿಗೆ ವಾಪಸು ಬರುತ್ತದೆ. ನಿಮ್ಮ ಬೋಟಿನಲ್ಲಿ ಇದರಲ್ಲಿ ಯಾವುದಿದೆ, ಕೆಲಸ ಮಾಡುತ್ತದೆಯೇ ಎಂದು ಗಂಡ ಈ ಸಲ ಮನೆಗೆ ಬಂದಾಗ ಕೇಳು. ಜೂನ್, ಜುಲೈ ಎರಡು ತಿಂಗಳು ನಿಷೇಧ, ಮನೆಯಲ್ಲೇ ಇರುತ್ತಾನೆ, ಪುರಸೊತ್ತಿದೆ. ‘ನಿನಗೆಂತಕ್ಕೆ ಅದೆಲ್ಲ’ ಎಂದರೆ ನನ್ನ ಹೆಸರು ಹೇಳು.

ಮತ್ತೆ ಇದನ್ನು ಬರೆದಿಟ್ಟುಕೋ: ಬೋಟಿನ ಹೆಸರು, ‘ಐಎನ್‌ಡಿ ಕೆಎ’ ಎಂದು ಶುರುವಾಗುವ ಅದರ ನೋಂದಣಿ ಸಂಖ್ಯೆ, ಮಾಲೀಕರ ಫೋನು, ತಾಂಡೇಲನ (ಬೋಟು ನಡೆಸುವವನ) ಮನೆಯ ಫೋನು, ಜತೆಗೆ ಹೋಗುವ ಇನ್ನೆರಡು ಬೋಟುಗಳ ಹೆಸರು, ಹೊರಟ ದಿನ, ಹೊರಟ ಬಂದರು. ಕರಾವಳಿ ಕಾವಲು ಪಡೆಗೆ 1554, ಕರಾವಳಿ ಪೊಲೀಸರಿಗೆ 1093, ಜಿಲ್ಲೆಯ ವಿಪತ್ತು ಕೇಂದ್ರಕ್ಕೆ 1077. ನೀನು ಫೋನು ಮಾಡಿದಾಗ ಅವರು ಮೊದಲು ಕೇಳುವುದು ಬೋಟಿನ ನಂಬರನ್ನೇ. ಎಷ್ಟೋ ಮನೆಗಳಲ್ಲಿ ಅದೊಂದೇ ಗೊತ್ತಿರುವುದಿಲ್ಲ. ಮೂವತ್ತೊಂದು ವರ್ಷ ಫೋನಿನ ಈ ಕಡೆ ಕೂತು ಕೇಳಿದವನು ನಾನು.

ಅತ್ತೆಯ ಮಾತಿಗೆ ಎದುರಾಡಬೇಡ, ಅಂಗಳ ಗುಡಿಸಬೇಡ. ನಂಬರನ್ನು ಬಾಗಿಲ ಪಕ್ಕದ ಗೋಡೆಗೆ ಇದ್ದಿಲಲ್ಲಿ ದೊಡ್ಡದಾಗಿ ಬರೆ, ಅತ್ತೆಗೂ ಕಾಣುವ ಹಾಗೆ.